ಪಂಡಿತಾ ರಮಾಬಾಯಿ

ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಕನ್ನಡನಾಡಿನಲ್ಲಿಯೇ ಕಣ್ದೆರೆದವರೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು. ಪತ್ನಿಗೆ ಸಂಸ್ಕೃತವನ್ನು ಕಲಿಸಿದ ಕಾರಣದಿಂದ ಸ್ವಜನರ ವಿರೋಧಕ್ಕೆ ಗುರಿಯಾಗಿದ್ದ ಅನಂತಶಾಸ್ತ್ರಿ ಡೋಂಗ್ರೆಯವರೇ ಈಕೆಯ ತಂದೆ. ಕ್ಷಾಮದಲ್ಲಿ ಮಾತಾಪಿತೃಗಳನ್ನು ಕಳೆದುಕೊಂಡ ಈಕೆಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಸರಸ್ವತಿಯೆಂಬ ಬಿರುದನ್ನಿತ್ತರು. 1882ರಲ್ಲಿ ವೈಧವ್ಯವೊದಗಿದರೂ ಮೂಲೆ ಸೇರದೆ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಯರಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಹಂಟರ್ ಆಯೋಗದೆದುರು ಸಾಕ್ಷ್ಯ ನುಡಿದರು. 1883ರಲ್ಲಿ ಕ್ರೈಸ್ತಮತವನ್ನವಲಂಬಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮತಾಂತರದ ಶಂಕೆಯಿಂದ 1893ರಲ್ಲಿ ಅನೇಕ ಪೋಷಕರು ಬಾಲೆಯರನ್ನು ಬಿಡಿಸಿಕೊಂಡರು. ಆಕೆ ಎದೆಗುಂದದೆ, 1922ರಲ್ಲಿ ಗತಿಸುವವರೆಗೂ ಕೇಡಗಾಂವದಲ್ಲಿ ಅನಾಥೆಯರನ್ನು ಪೊರೆದರು.

ಆಕೆಯ ಮತವನ್ನು ಕುರಿತು ಭಿನ್ನಾಭಿಪ್ರಾಯವಿರಬಹುದು. ಆದರೆ ಸಮಾಜವು ಮುಚ್ಚಿದ್ದ ಬಾಗಿಲನ್ನು ಆಕೆ ತೆರೆದರೆಂಬುದನ್ನು ಮರೆಮಾಚುವುದು ಕೃತಘ್ನತೆಯೆಂದೇ ನಾವು ಭಾವಿಸುತ್ತೇವೆ.