ಕೇಳಿ ಬರೆದವರು: ಲಾಫ್ಕಾಡಿಯೊ ಹರ್ನ್

ಕಳೆದ ರಜೆಯಲ್ಲಿ ನಾನೊಂದು ಕಥೆ ಬರೆದೆ. ನನಗಿಷ್ಟವಾದ ಜಪಾನಿನ ಆನಿಮೆಯ ಪಾತ್ರಗಳನ್ನೇ ಇಟ್ಟುಕೊಂಡು, ಮುಂದೇನಾಯಿತು ಎಂದು ನಾನೇ ಕಟ್ಟಿದ ಕಥೆ. ಇಂಥದ್ದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅಮೆರಿಕ, ಇಂಗ್ಲೆಂಡಿನ ಅಭಿಮಾನಿಗಳು ಬರೆದ ಇಂಥ ಕಥೆಗಳನ್ನು ಸಾಕಷ್ಟು ಓದಿದ್ದೆ. ಜಪಾನ್ ಹೇಗಿರುತ್ತದೆ ಎಂಬುದನ್ನೂ ಅವುಗಳಿಂದಲೇ ಕಲಿತಿದ್ದೆ. ಬರೆದು ಮುಗಿಸಿ, ಜಪಾನಿನಲ್ಲಿ ಓದುತ್ತಿರುವ ನನ್ನ ಖಾಲಾರ ಮಗಳಿಗೆ ಹೆಮ್ಮೆಯಿಂದ ಕಳಿಸಿದೆ.

ಆಪಾ ನಗುತ್ತಲೇ ತಪ್ಪುಗಳ ಪಟ್ಟಿ ಕಳಿಸಿದರು. ನನ್ನ ನಾಯಕಿ ಶೂ ಹಾಕಿಕೊಂಡೇ ಮನೆಯೊಳಗೆ ಹೋಗಿದ್ದಳು. ಪರಿಚಯವಾದ ದಿನವೇ ಎಲ್ಲರನ್ನೂ ಮನೆತನದ ಹೆಸರು ಬಿಟ್ಟು ಸ್ವಂತ ಹೆಸರಿನಿಂದ ಕರೆದಿದ್ದಳು. ದಿನವೂ ಕಿಮೊನೊ ಉಟ್ಟು ಶಾಲೆಗೆ ಹೋಗುತ್ತಿದ್ದಳು. ಕಥೆಯ ಉದ್ದಕ್ಕೂ ಚೆರ್ರಿ ಹೂವು ಉದುರುತ್ತಲೇ ಇತ್ತು. ನಿಜದಲ್ಲಿ ಅದು ವಸಂತದಲ್ಲಿ ಕೆಲವೇ ದಿನ ಅರಳಿ ಮುಗಿದುಹೋಗುತ್ತದೆ.

ಕಥೆ ತಾನೇ, ಇಷ್ಟೆಲ್ಲ ಯಾಕೆ ಎಂದು ನನಗೆ ಸಿಟ್ಟು ಬಂತು. ಆಮೇಲೆ ಹಿಂದೊಮ್ಮೆ ನೋಡಿದ ನಾಟಕ ನೆನಪಾಯಿತು. ಅದರಲ್ಲಿ ನಮ್ಮಂಥವರ ಮನೆಯ ದೃಶ್ಯವಿತ್ತು. ಬಾಗಿಲಿಗೆ ಬಂದ ಅತಿಥಿ ಸಲಾಂ ಹೇಳುವ ಬದಲು ಖುದಾ ಹಾಫಿಜ್ ಎನ್ನುತ್ತ ಒಳಗೆ ಬಂದ. ಮನೆಯಲ್ಲಿ ಮೂರು ಹೊತ್ತೂ ಬಿರಿಯಾನಿ. ಅಜ್ಜಿಯದು ಹರಕುಮುರುಕು ಕನ್ನಡ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬರುವಾಗ ಒಳಗೆಲ್ಲೋ ಚುಚ್ಚುತ್ತಿತ್ತು. ಬರೆದವರಿಗೆ ನಮ್ಮ ಮೇಲೆ ದ್ವೇಷವೇನೂ ಇರಲಿಲ್ಲ. ನಮ್ಮನ್ನು ಒಂದು ಮಾತು ಕೇಳಿರಲಿಲ್ಲ, ಅಷ್ಟೇ. ಜಪಾನಿನವರಿಗೆ ನಾನು ಮಾಡಿದ್ದೂ ಅದನ್ನೇ.

ಇದನ್ನು ಆಪಾಗೆ ಹೇಳಿದಾಗ ಅವರು ಲಾಫ್ಕಾಡಿಯೊ ಹರ್ನ್ ಬಗ್ಗೆ ಓದಲು ಹೇಳಿದರು. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಹರ್ನ್ ಹುಟ್ಟಿದ್ದು 1850ರಲ್ಲಿ, ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ. ತಾಯಿ ಗ್ರೀಕರು, ತಂದೆ ಐರಿಷ್ ಮೂಲದ ಸೇನಾ ವೈದ್ಯರು. ತಂದೆತಾಯಿ ಬೇರೆಯಾದಾಗ ಡಬ್ಲಿನ್‌ನಲ್ಲಿ ತಂದೆಯ ಕಡೆಯ ಅಜ್ಜಿಯೊಬ್ಬರು ಸಾಕಿದರು. ಹದಿನಾರರ ವಯಸ್ಸಿನಲ್ಲಿ ಶಾಲೆಯ ಆಟದ ವೇಳೆ ಪೆಟ್ಟಾಗಿ ಎಡಗಣ್ಣು ಹೋಯಿತು. ಉಳಿದ ಕಣ್ಣಿನ ದೃಷ್ಟಿಯೂ ಮಂದವಾಗಿತ್ತು. 1869ರಲ್ಲಿ ಕೈಯಲ್ಲಿ ಕಾಸಿಲ್ಲದೆ ಅಮೆರಿಕಕ್ಕೆ ಹೋಗಿ, ಸಿನ್ಸಿನಾಟಿಯಲ್ಲೂ ನ್ಯೂ ಆರ್ಲಿಯನ್ಸ್‌ನಲ್ಲೂ ಪತ್ರಕರ್ತರಾಗಿ ದುಡಿದರು.

ಆ ಕಾಲದ ಪಶ್ಚಿಮದಲ್ಲಿ ಜಪಾನ್ ಒಂದು ಫ್ಯಾಷನ್ ಆಗಿತ್ತು. 1885ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ದಿ ಮಿಕಾಡೊ ಎಂಬ ಸಂಗೀತ ನಾಟಕದ ಊರು ಟಿಟಿಪು, ನಾಯಕಿ ಯಮ್-ಯಮ್. ಇವು ಜಪಾನಿನಲ್ಲಿ ಯಾರೂ ಇಡದ ಹೆಸರುಗಳು. ವೇಷ ಮಾತ್ರ ಜಪಾನಿನದು, ಗೇಲಿಯೆಲ್ಲ ಇಂಗ್ಲೆಂಡಿನ ಬಗ್ಗೆ. ಆದರೂ ಜನ ಮುಗಿಬಿದ್ದು ನೋಡಿದರು. ನನ್ನ ಕಥೆಯೂ ಅದರ ದೂರದ ನೆಂಟನೇ.

ಹರ್ನ್ 1890ರಲ್ಲಿ ಜಪಾನಿಗೆ ಬಂದಾಗ ಅವರೂ ಕನಸುಗಣ್ಣಿನ ಪ್ರವಾಸಿಯೇ. ಆದರೆ ಅವರು ಅಲ್ಲೇ ಉಳಿದರು. ಮಾತ್ಸುಎ ಎಂಬ ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಬಡತನಕ್ಕಿಳಿದಿದ್ದ ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವರನ್ನು ಮದುವೆಯಾದರು. 1896ರಲ್ಲಿ ಜಪಾನಿನ ಪೌರತ್ವ ಪಡೆದು ಕೊಯಿಜುಮಿ ಯಾಕುಮೊ ಎಂದು ಹೆಸರು ಬದಲಿಸಿಕೊಂಡರು. ಹೆಂಡತಿ ಮಕ್ಕಳು ತಮ್ಮ ನಾಡಿನಲ್ಲೇ ಪರಕೀಯರಾಗಬಾರದು ಎಂಬುದು ಅದಕ್ಕೆ ದೊಡ್ಡ ಕಾರಣ.

ಹರ್ನ್‌ಗೆ ಜಪಾನೀ ಲಿಪಿಯ ಪುಸ್ತಕಗಳನ್ನು ಸರಾಗವಾಗಿ ಓದಲು ಕೊನೆಯವರೆಗೂ ಬರಲಿಲ್ಲ. ಸೆತ್ಸು ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಗಂಡಹೆಂಡತಿ ತಮಗಷ್ಟೇ ಅರ್ಥವಾಗುವ ಸರಳ ಜಪಾನಿಯಲ್ಲಿ ಮಾತಾಡುತ್ತಿದ್ದರು. ಸೆತ್ಸು ಹಳೆ ಪುಸ್ತಕದ ಅಂಗಡಿಗಳಲ್ಲಿ ಕಥೆ ಹುಡುಕಿ ತಂದು, ರಾತ್ರಿ ದೀಪ ಸಣ್ಣದು ಮಾಡಿ ಹೇಳುತ್ತಿದ್ದರು. ಪುಸ್ತಕ ನೋಡಿ ಓದುವಂತಿಲ್ಲ, ತಮ್ಮದೇ ಮಾತಿನಲ್ಲಿ ಹೇಳಬೇಕು. ಹರ್ನ್ ಮತ್ತೆ ಮತ್ತೆ ಪ್ರಶ್ನೆ ಕೇಳುತ್ತಿದ್ದರು. ಆ ಮಾತನ್ನು ಯಾವ ದನಿಯಲ್ಲಿ ಆಡಿರಬಹುದು? ಆ ರಾತ್ರಿ ಹೇಗಿತ್ತು? ಮರದ ಪಾದರಕ್ಷೆಯ ಸದ್ದು ಹೇಗೆ ಕೇಳಿಸುತ್ತದೆ? ಇದೆಲ್ಲ ತಿಳಿದ ಮೇಲೆಯೇ ಬರವಣಿಗೆ. ಹೀಗೆ ಹುಟ್ಟಿದ ಕಥೆಗಳು 1904ರಲ್ಲಿ ಕ್ವೈದಾನ್ ಎಂಬ ಪುಸ್ತಕದಲ್ಲಿ ಬಂದವು. ಕಿವಿ ಕಳೆದುಕೊಂಡ ಕುರುಡು ಗಾಯಕ ಹೋಯಿಚಿ, ಹಿಮದ ಹೆಣ್ಣು ಯುಕಿ-ಓನ್ನ ಇದರಲ್ಲಿದ್ದಾರೆ. ಇಂಗ್ಲಿಷಿನಲ್ಲಿ ಬರೆದ ಈ ಕಥೆಗಳು ಜಪಾನಿಗೆ ಅನುವಾದವಾದವು, ಅಲ್ಲಿನ ಮಕ್ಕಳು ಇಂದಿಗೂ ಓದುತ್ತಾರೆ. ತಮ್ಮದೇ ಕಥೆಯನ್ನು ಪರದೇಶದಲ್ಲಿ ಹುಟ್ಟಿದವರ ಕೈಯಿಂದ ಅವರು ಮರಳಿ ಪಡೆದರು.

ಹರ್ನ್ ತಪ್ಪೇ ಮಾಡಲಿಲ್ಲ ಎಂದಲ್ಲ. ಹಳೆಯ ಜಪಾನಿನ ಮೇಲೆ ಅವರಿಗೆ ವಿಪರೀತ ಮೋಹ. ರೈಲು, ಕಾರ್ಖಾನೆಗಳಿಂದ ಬದಲಾಗುತ್ತಿದ್ದ ಹೊಸ ಜಪಾನ್ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಅವರ ಮೊದಲ ಪುಸ್ತಕಗಳು ಆ ನಾಡನ್ನು ಇದ್ದದ್ದಕ್ಕಿಂತ ಚೆಂದವಾಗಿ ತೋರಿಸಿದವು ಎಂಬ ಟೀಕೆಯೂ ಇದೆ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಆರೇಳು ವರ್ಷ ಇಂಗ್ಲಿಷ್ ಸಾಹಿತ್ಯ ಕಲಿಸಿದ ಅವರು 1904ರ ಸೆಪ್ಟೆಂಬರ್ 26ರಂದು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 54 ವರ್ಷ. ಅದೇ ವರ್ಷ ಬಂದ ಅವರ ಇನ್ನೊಂದು ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಜಪಾನ್: ಅರ್ಥಮಾಡಿಕೊಳ್ಳುವ ಒಂದು ಪ್ರಯತ್ನ. ಹದಿನಾಲ್ಕು ವರ್ಷ ಅಲ್ಲಿ ಬದುಕಿ, ಅಲ್ಲಿಯವರೇ ಆದ ಮೇಲೂ ಅವರು ಅದನ್ನು ಪ್ರಯತ್ನ ಎಂದೇ ಕರೆದರು. ನಾನೋ, ಇಪ್ಪತ್ತು ಎಪಿಸೋಡ್ ನೋಡಿ ಎಲ್ಲ ಗೊತ್ತು ಎಂದುಕೊಂಡಿದ್ದೆ!

ಈಗ ಆ ಕಥೆಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಬರೆಯುವ ಮೊದಲು ಆಪಾಗೆ ಪ್ರಶ್ನೆ ಕಳಿಸುತ್ತೇನೆ, ಅವರು ಅಲ್ಲಿನ ಗೆಳತಿಯರನ್ನು ಕೇಳಿ ಉತ್ತರಿಸುತ್ತಾರೆ. ವಾರಕ್ಕೆ ಒಂದು ಪುಟವೂ ಆಗುತ್ತಿಲ್ಲ. ನಾಯಕಿ ಈಗಷ್ಟೇ ಬಾಗಿಲ ಬಳಿ ಶೂ ಬಿಚ್ಚಿಟ್ಟು ಒಳಗೆ ಕಾಲಿಟ್ಟಿದ್ದಾಳೆ.