ಎಚ್ಚರದ ಮಾತ್ರೆ, ವಿವೇಕದ ಲೆಕ್ಕ

ನಿವೃತ್ತಿಯ ನಂತರ ಹುಟ್ಟೂರು ಕ್ಯಾಸಂಬಳ್ಳಿಗೆ ಮರಳಿದ ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಕೆಲವು ಹುಡುಗರಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಅವರಲ್ಲೊಬ್ಬ ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಮರಳಿ ಓದುವವನು. ನಿದ್ದೆಯನ್ನು ದೂರವಿಟ್ಟು ಏಕಾಗ್ರತೆ ಹೆಚ್ಚಿಸುವ ಮಾತ್ರೆಯೊಂದನ್ನು ಗೆಳೆಯ ಕೊಟ್ಟಿದ್ದಾನೆ, ತೆಗೆದುಕೊಳ್ಳಬಹುದೇ ಎಂದು ಆತ ನನ್ನನ್ನು ಕೇಳಿದ. ನಾನು ವೈದ್ಯನಲ್ಲ, ಆಡಳಿತದಲ್ಲಿ ಕೂದಲು ನರೆಸಿಕೊಂಡವನು. ಆದ್ದರಿಂದ ಉಪದೇಶದ ಬದಲು ಅವನಿಗೆ ಆಂಟನಿ ಈಡನ್ ಅವರ ಬದುಕಿನ ಕಥೆ ಹೇಳಿದೆ.

1897ರಲ್ಲಿ ಜನಿಸಿದ ಈಡನ್ ಸಾಮಾನ್ಯ ಬುದ್ಧಿಯವರಲ್ಲ. ಮೊದಲ ಮಹಾಯುದ್ಧದಲ್ಲಿ ಇಬ್ಬರು ಸಹೋದರರನ್ನು ಕಳೆದುಕೊಂಡ ಅವರು ಸ್ವತಃ ಹೋರಾಡಿ ಶೌರ್ಯಪದಕ ಗಳಿಸಿದರು. ಆಕ್ಸ್‌ಫರ್ಡ್‌ನಲ್ಲಿ ಪರ್ಷಿಯನ್ ಮತ್ತು ಅರಬ್ಬಿ ಭಾಷೆಗಳನ್ನು ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. 1935ರಲ್ಲಿ, 38ರ ವಯಸ್ಸಿಗೇ, ಬ್ರಿಟನ್ನಿನ ವಿದೇಶಾಂಗ ಸಚಿವರಾದರು. ಮುಸೊಲಿನಿಯನ್ನು ಓಲೈಸುವ ನೀತಿಯನ್ನು ಒಪ್ಪದೆ 1938ರಲ್ಲಿ ಆ ಹುದ್ದೆಯನ್ನು ತೊರೆದರು. ದುಡುಕದ ಸಂಧಾನಕಾರ ಎಂಬುದೇ ಅವರ ಖ್ಯಾತಿಯಾಗಿತ್ತು.

1953ರಲ್ಲಿ ನಡೆದ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳಕ್ಕೆ ಪೆಟ್ಟಾಯಿತು. ಅಮೆರಿಕದ ಬಾಸ್ಟನ್ನಿನಲ್ಲಿ ಮತ್ತೆ ಶಸ್ತ್ರಚಿಕಿತ್ಸೆಯಾದರೂ ಜ್ವರ ಮತ್ತು ನೋವು ಮರುಕಳಿಸುತ್ತಲೇ ಇದ್ದವು. 1955ರ ಏಪ್ರಿಲ್‌ನಲ್ಲಿ ಪ್ರಧಾನಿಯಾದಾಗ ಅವರ ದೇಹ ಔಷಧಗಳ ಆಸರೆಯಲ್ಲಿತ್ತು. ನೋವಿಗೆ, ನಿದ್ದೆಗೆ ಶಮನಕಾರಿಗಳು. ಅವು ತಂದ ಮಂಪರನ್ನು ಕಳೆಯಲು ಆಂಫೆಟಮೀನ್ ಉತ್ತೇಜಕಗಳು. ಆಂಫೆಟಮೀನ್ ಅಂದು ಅಪರೂಪದ ವಸ್ತುವಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಸೈನಿಕರಿಗೂ ವಿಮಾನ ಚಾಲಕರಿಗೂ ಹಂಚಲಾಗಿತ್ತು.

1956ರ ಜುಲೈ 26ರಂದು ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಿಸಿದರು. ಈಡನ್ ಅವರಲ್ಲಿ ಹಿಟ್ಲರ್, ಮುಸೊಲಿನಿಯರನ್ನೇ ಕಂಡರು. ಅಕ್ಟೋಬರ್ ಆರಂಭದಲ್ಲಿ ಅವರಿಗೆ 106 ಡಿಗ್ರಿ ಜ್ವರ ಬಂದಿತ್ತು. ಅದೇ ತಿಂಗಳ ಕೊನೆಯಲ್ಲಿ ಫ್ರಾನ್ಸ್ ಮತ್ತು ಇಸ್ರೇಲ್ ಜೊತೆಗಿನ ರಹಸ್ಯ ಒಪ್ಪಂದದಂತೆ ಈಜಿಪ್ಟಿನ ಮೇಲೆ ದಾಳಿ ನಡೆಯಿತು. ಅಮೆರಿಕ ಬೆಂಬಲಿಸಲಿಲ್ಲ, ಪೌಂಡಿನ ಮೇಲೆ ಒತ್ತಡ ಬಿತ್ತು, ವಿದೇಶಿ ವಿನಿಮಯ ಕರಗತೊಡಗಿತು. ನವೆಂಬರ್ 6ರಂದು ಬ್ರಿಟನ್ ಕದನವಿರಾಮಕ್ಕೆ ಒಪ್ಪಿತು. ಡಿಸೆಂಬರ್ 20ರಂದು ಈಡನ್ ಇಸ್ರೇಲಿನ ದಾಳಿ ತಮಗೆ ಮೊದಲೇ ತಿಳಿದಿರಲಿಲ್ಲವೆಂದು ಸಂಸತ್ತಿನಲ್ಲಿ ಸುಳ್ಳಾಡಿದರು. 1957ರ ಜನವರಿ 9ರಂದು ರಾಜೀನಾಮೆ ನೀಡಿದರು. ಶಮನಕಾರಿಗಳನ್ನೂ ಅವುಗಳಿಗೆ ಎದುರಾಗಿ ಉತ್ತೇಜಕಗಳನ್ನೂ ಹೆಚ್ಚಿಸಬೇಕಾಯಿತೆಂಬ ಸಂಗತಿಯನ್ನು ಆಗ ಅವರು ಸಹೋದ್ಯೋಗಿಗಳ ಮುಂದೆ ಮರೆಮಾಚಲಿಲ್ಲ. ತೀರಿಕೊಂಡದ್ದು 1977ರಲ್ಲಿ.

ಅದೇ 1956ರಲ್ಲಿ ನಮ್ಮೂರಿಗೆ ಸಮೀಪದ ಕೋಲಾರದ ಚಿನ್ನದ ಗಣಿಗಳನ್ನು ಮೈಸೂರು ಸರ್ಕಾರ ಕಾಯಿದೆಯ ಮೂಲಕ ತನ್ನದಾಗಿಸಿಕೊಂಡಿತು. ಲಂಡನ್ನಿನ ಜಾನ್ ಟೇಲರ್ ಕಂಪನಿಯ ದಶಕಗಳ ಆಡಳಿತ ಒಂದು ಗುಂಡೂ ಹಾರದೆ ಕೊನೆಗೊಂಡಿತು. ಗಣಿಗೂ ಕಾಲುವೆಗೂ ಇರುವ ಅಂತರ ನನಗೆ ಗೊತ್ತಿದೆ. ಆದರೂ ರಾಷ್ಟ್ರೀಕರಣವೊಂದಕ್ಕೆ ಯುದ್ಧವೇ ಉತ್ತರವಾಗಬೇಕಿರಲಿಲ್ಲ ಎಂಬುದಕ್ಕೆ ಈ ನಿದರ್ಶನ ಸಾಕು.

ಸೂಯೆಜ್ ದುರಂತಕ್ಕೆ ಮಾತ್ರೆಯೇ ಕಾರಣವೆಂದರೆ ಇತಿಹಾಸಕ್ಕೆ ಅನ್ಯಾಯವಾದೀತು. ಸಾಮ್ರಾಜ್ಯದ ಅಹಂಕಾರವಿತ್ತು, ತೈಲದ ಚಿಂತೆಯಿತ್ತು, ಔಷಧ ನುಂಗದ ಸಚಿವರೂ ದಾಳಿಗೆ ಸಮ್ಮತಿಸಿದ್ದರು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಉತ್ತೇಜಕವು ಎಚ್ಚರದ ಜೊತೆಗೆ ಆತ್ಮವಿಶ್ವಾಸವನ್ನೂ ಏರಿಸುತ್ತದೆ. ಅರ್ಥಶಾಸ್ತ್ರದಲ್ಲಿ ನಾವು ಲಾಭವನ್ನೂ ಅದಕ್ಕಾಗಿ ತೆತ್ತ ಬೆಲೆಯನ್ನೂ ತೂಗಿ ನೋಡುತ್ತೇವೆ. ಇಲ್ಲಿ ತೂಗಬೇಕಾದ ತಕ್ಕಡಿಯೇ ಮಿದುಳು. ಮಾತ್ರೆ ಕೆಲಸ ಮಾಡುವುದೂ ಅದರ ಮೇಲೆಯೇ. ತನ್ನ ವಿವೇಕ ಎಷ್ಟು ಕುಂದಿದೆಯೆಂದು ಅಳೆಯಲು ನುಂಗಿದವನ ಬಳಿ ಬೇರೆ ಸಾಧನವಿಲ್ಲ. ಸೇವೆಯಲ್ಲಿದ್ದಾಗ ಚುನಾವಣೆಯ ದಿನಗಳಲ್ಲಿ ಕಾಫಿಯ ಮೇಲೆ ಕಾಫಿ ಕುಡಿದು ನಡುರಾತ್ರಿ ಬರೆದ ಟಿಪ್ಪಣಿಗಳು ಆ ಕ್ಷಣಕ್ಕೆ ಬಹು ಸ್ಪಷ್ಟವೆನಿಸುತ್ತಿದ್ದವು. ಬೆಳಗ್ಗೆ ಅವನ್ನು ಹರಿದು ಹಾಕಿದ್ದುಂಟು.

2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಮಿತಿಯಿರುವ ಚೀಲದಲ್ಲಿ ಯಾವ ವಸ್ತುಗಳನ್ನು ತುಂಬಿದರೆ ಮೌಲ್ಯ ಅತ್ಯಧಿಕವಾಗುತ್ತದೆಂಬ ಲೆಕ್ಕವನ್ನು 40 ಆರೋಗ್ಯವಂತರಿಗೆ ಕೊಡಲಾಯಿತು. ಮೀಥೈಲ್‌ಫೆನಿಡೇಟ್, ಮೊಡಾಫಿನಿಲ್, ಡೆಕ್ಸ್‌ಆಂಫೆಟಮೀನ್ ಸೇವಿಸಿದಾಗ ಅವರು ಹೆಚ್ಚು ಹೊತ್ತು ಶ್ರಮಿಸಿದರು, ಆದರೆ ಶ್ರಮದ ಗುಣಮಟ್ಟ ಕುಸಿಯಿತು. ಔಷಧವಿಲ್ಲದೆ ಸರಾಸರಿಗಿಂತ ಮೇಲಿದ್ದವರು ಔಷಧ ಸೇವಿಸಿದಾಗ ಕೆಳಗಿಳಿಯುವ ಒಲವೂ ಕಂಡಿತು. ಏಕಾಗ್ರತೆಯ ಕೊರತೆ ಅಥವಾ ಅತಿನಿದ್ರೆಯ ಕಾಯಿಲೆ ಇರುವವರಿಗೆ ವೈದ್ಯರು ಅಳೆದು ಕೊಡುವ ಇವೇ ಔಷಧಗಳು ವರದಾನವಾಗಬಲ್ಲವು. ಗೆಳೆಯನ ಜೇಬಿನಿಂದ ಬಂದ ಮಾತ್ರೆಯ ಮಾತು ಬೇರೆ.

ಕಥೆ ಕೇಳಿದ ಹುಡುಗ ಮಾತ್ರೆಯನ್ನು ಏನು ಮಾಡಿದನೆಂದು ನಾನು ಕೇಳಲಿಲ್ಲ. ಅವನ ಓದಿನ ವೇಳಾಪಟ್ಟಿಯನ್ನು ತರಿಸಿಕೊಂಡು, ಎರಡು ವಿಷಯಗಳನ್ನು ಭಾನುವಾರಕ್ಕೆ ತಳ್ಳಿ, ರಾತ್ರಿ ಆರು ಗಂಟೆಗಳ ನಿದ್ದೆಗೆ ಜಾಗ ಮಾಡಿಕೊಟ್ಟೆ. ನಾಳೆ ಅವನು ಅಧಿಕಾರಿಯಾದರೆ ಅವನ ತೀರ್ಮಾನಗಳ ಬೆಲೆಯನ್ನು ತೆರುವವರು ಬೇರೆಯವರು. ಅವರಿಗಾಗಿಯಾದರೂ ಆ ಆರು ಗಂಟೆ ಅವನಿಗೆ ಸಲ್ಲಬೇಕು.