ಹಡಗಿಗೆಂದು ಹುಟ್ಟಿ ಕಾರಿಗೆ ಬಂದದ್ದು: ಹರ್ಮನ್ ಫೊಟ್ಟಿಂಗರ್

ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತಿದವರಿಗೆಲ್ಲ ಈ ಕಷ್ಟ ಗೊತ್ತು. ಮುಂದೆ ಭಾರ ತುಂಬಿದ ಲಾರಿ, ಹಿಂದೆ ಬಸ್ಸು, ನಡುವೆ ನಾವು. ಲಾರಿ ನಿಂತರೆ ನಾವೂ ನಿಲ್ಲಬೇಕು, ಅದು ಹೊರಟರೆ ಏರಿನಲ್ಲೇ ಕಾರು ಎತ್ತಬೇಕು. ಕ್ಲಚ್ ಇರುವ ಕಾರಾದರೆ ಎಡಗಾಲು ಸೋತುಹೋಗತ್ತೆ, ಚೂರು ಹೆಚ್ಚು ಕಮ್ಮಿ ಆದರೆ ಎಂಜಿನ್ ಆಫ್. ಆಟೋಮ್ಯಾಟಿಕ್ ಕಾರಿನವರು ಮಾತ್ರ ಬ್ರೇಕ್ ಒತ್ತಿ ನಿಲ್ಲಿಸ್ತಾರೆ, ಬಿಟ್ಟು ಹೊರಡ್ತಾರೆ. ಕಾರು ಗೇರಿನಲ್ಲೇ ಇದೆ, ಎಂಜಿನ್ ಓಡ್ತಾನೇ ಇದೆ, ಆದರೆ ಚಕ್ರ ನಿಂತಿದೆ. ಎಂಜಿನ್ ಯಾಕೆ ನಿಲ್ಲಲ್ಲ?

ಉತ್ತರ ಇರೋದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರುವ ಟಾರ್ಕ್ ಕನ್ವರ್ಟರಿನಲ್ಲಿ. ಹೊರಗಿನಿಂದ ನೋಡಿದರೆ ಎರಡು ಬಾಣಲೆಗಳನ್ನು ಮುಖಾಮುಖಿ ಇಟ್ಟು ಬೆಸೆದ ಹಾಗಿರತ್ತೆ. ಒಳಗೆ ಎಂಜಿನ್ ಕಡೆ ಒಂದು ರೆಕ್ಕೆಚಕ್ರ, ಗೇರ್‌ಬಾಕ್ಸ್ ಕಡೆ ಇನ್ನೊಂದು. ಹೊರಡುವಾಗ ಎರಡಕ್ಕೂ ನಡುವೆ ಲೋಹದ ಕೊಂಡಿಯೇ ಇಲ್ಲ, ಇರೋದು ಎಣ್ಣೆ ಮಾತ್ರ. ಒಂದು ತಿರುಗಿ ಎಣ್ಣೆಯನ್ನು ಎರಚತ್ತೆ, ಆ ಎಣ್ಣೆ ಇನ್ನೊಂದನ್ನು ತಿರುಗಿಸತ್ತೆ. (ಎಎಂಟಿ ಕಾರುಗಳ ಕಥೆ ಬೇರೆ. ಅಲ್ಲಿ ಮಾಮೂಲಿ ಕ್ಲಚ್ಚನ್ನೇ ಕಾಲಿನ ಬದಲು ಒಂದು ಯಂತ್ರ ಒತ್ತತ್ತೆ.) ಇದನ್ನು ಕಂಡುಹಿಡಿದವರು ಜರ್ಮನಿಯ ಹರ್ಮನ್ ಫೊಟ್ಟಿಂಗರ್. ಅವರ ತಲೆಯಲ್ಲಿ ಆಗ ಇದ್ದದ್ದು ಕಾರಲ್ಲ, ಹಡಗು.

ಫೊಟ್ಟಿಂಗರ್ ಹುಟ್ಟಿದ್ದು 1877ರ ಫೆಬ್ರವರಿ 9ರಂದು, ನ್ಯೂರೆಂಬರ್ಗ್‌ನಲ್ಲಿ. ಮ್ಯೂನಿಕ್‌ನ ತಾಂತ್ರಿಕ ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1899ರಲ್ಲಿ ಕೆಲಸಕ್ಕೆ ಸೇರಿದ್ದು ಸ್ಟೆಟಿನ್ ನಗರದ ವಲ್ಕನ್ ಹಡಗು ಕಾರ್ಖಾನೆಗೆ. ಸ್ಟೆಟಿನ್ ಇವತ್ತು ಪೋಲೆಂಡಿನಲ್ಲಿದೆ. ಬ್ರಾಂಚ್ ಒಂದು, ಕೆಲಸ ಇನ್ನೊಂದು ಎಂದು ಚಿಂತೆ ಮಾಡುವ ನಮ್ಮಂಥವರು ಇದನ್ನು ಗಮನಿಸಬೇಕು.

ಅಲ್ಲಿ ಅವರು ಮೊದಲು ಹಿಡಿದ ಕೆಲಸ ಹೊಸ ಯಂತ್ರ ಮಾಡೋದಲ್ಲ, ಇರುವ ಯಂತ್ರವನ್ನು ಅಳೆಯೋದು. ಹಳೇ ಪಿಸ್ಟನ್ ಸ್ಟೀಮ್ ಎಂಜಿನ್ನಿನ ಶಕ್ತಿಯನ್ನು ಸಿಲಿಂಡರಿನೊಳಗಿನ ಒತ್ತಡದಿಂದ ಲೆಕ್ಕ ಹಾಕ್ತಿದ್ದರು. ಅದರಲ್ಲಿ ಎಷ್ಟು ಪಾಲು ನಿಜವಾಗಿ ಪ್ರೊಪೆಲ್ಲರಿಗೆ ಮುಟ್ಟತ್ತೆ ಅನ್ನೋದು ಆ ಲೆಕ್ಕದಲ್ಲಿ ಸಿಗುತ್ತಿರಲಿಲ್ಲ. ಹೊಸದಾಗಿ ಬಂದ ಸ್ಟೀಮ್ ಟರ್ಬೈನಿಗಂತೂ ಸಿಲಿಂಡರೇ ಇಲ್ಲ. ಫೊಟ್ಟಿಂಗರ್ ಶಾಫ್ಟನ್ನೇ ಅಳತೆಗೋಲು ಮಾಡಿಕೊಂಡರು. ಟಾರ್ಕ್ ಬಿದ್ದಾಗ ಉಕ್ಕಿನ ಶಾಫ್ಟ್ ಕೂಡ ಕೂದಲೆಳೆಯಷ್ಟು ತಿರುಚಿಕೊಳ್ಳತ್ತೆ. ಆ ತಿರುಚನ್ನು ದೊಡ್ಡದು ಮಾಡಿ ತೋರಿಸುವ ಟಾರ್ಷನ್ ಮೀಟರ್ ಕಟ್ಟಿದರು. ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಪರೀಕ್ಷೆಗೆ ನಾವು ಬಾಯಿಪಾಠ ಮಾಡುವ ಟಾರ್ಷನ್ ಸಮೀಕರಣವೇ ಇದರ ಬುನಾದಿ. ಹಡಗಿನ ಎಂಜಿನ್ನಿನ ನಿಜವಾದ ಶಕ್ತಿಯನ್ನು ಅಳೆಯುವ ಈ ವಿಷಯದ ಮೇಲೇ 1904ರಲ್ಲಿ ಡಾಕ್ಟರೇಟ್ ಪಡೆದರು.

ಅಳತೆ ಕೈಗೆ ಸಿಕ್ಕ ಮೇಲೆ ಎದುರಿಗೆ ದೊಡ್ಡ ಸಮಸ್ಯೆ ನಿಂತಿತ್ತು. ಟರ್ಬೈನ್ ಚೆನ್ನಾಗಿ ಕೆಲಸ ಮಾಡೋದು ಜೋರಾಗಿ ತಿರುಗುವಾಗ, ಪ್ರೊಪೆಲ್ಲರ್ ಚೆನ್ನಾಗಿ ಕೆಲಸ ಮಾಡೋದು ನಿಧಾನಕ್ಕೆ ತಿರುಗುವಾಗ. ಒಂದೇ ಶಾಫ್ಟಿಗೆ ಎರಡನ್ನೂ ಕಟ್ಟಿದರೆ ಇಬ್ಬರಿಗೂ ನಷ್ಟ. ನಡುವೆ ಗೇರ್ ಹಾಕೋಣ ಅಂದರೆ, ಸಾವಿರಾರು ಹಾರ್ಸ್‌ಪವರ್ ಹೊರುವಷ್ಟು ದೊಡ್ಡ ಗೇರುಗಳ ಹಲ್ಲನ್ನು ನಿಖರವಾಗಿ ಕಡಿಯೋದು ಆಗ ಸುಲಭವಿರಲಿಲ್ಲ.

ನೀರಿನಿಂದ ಯಾಕಾಗಬಾರದು? ಟರ್ಬೈನ್ ಒಂದು ಪಂಪನ್ನು ತಿರುಗಿಸಲಿ, ಪಂಪಿನ ನೀರು ಪೈಪಿನಲ್ಲಿ ಹೋಗಿ ಒಂದು ನೀರಿನ ಟರ್ಬೈನನ್ನು ತಿರುಗಿಸಲಿ, ಅದು ಪ್ರೊಪೆಲ್ಲರನ್ನು ತಿರುಗಿಸಲಿ. ಲೆಕ್ಕ ಹಾಕಿದರೆ ಇದು ದಂಡ ಅನ್ಸತ್ತೆ. ಪಂಪಿನ ದಕ್ಷತೆ ಶೇ. 80, ಟರ್ಬೈನಿನದೂ ಶೇ. 80 ಅಂದುಕೊಳ್ಳಿ. ಒಟ್ಟು ಉಳಿಯೋದು ಶೇ. 64, ಪೈಪಿನ ನಷ್ಟ ಬೇರೆ. ಫೊಟ್ಟಿಂಗರ್ ಇಲ್ಲಿ ನಷ್ಟ ಎಲ್ಲಾಗತ್ತೆ ಅಂತ ಹುಡುಕಿದರು. ಪಂಪಿನಿಂದ ಹೊರಬಿದ್ದ ನೀರಿನ ವೇಗವನ್ನು ತಗ್ಗಿಸಿ ಒತ್ತಡ ಮಾಡೋದು, ಪೈಪಿನಲ್ಲಿ ಸಾಗಿಸೋದು, ಮತ್ತೆ ಒತ್ತಡವನ್ನು ವೇಗ ಮಾಡೋದು: ಬಹುಪಾಲು ನಷ್ಟ ಈ ನಡುವಿನ ಓಡಾಟದಲ್ಲೇ. ಹಾಗಾದರೆ ನಡುವಿನದ್ದನ್ನೇ ತೆಗೆದುಹಾಕಿದರೆ? ಪಂಪಿನ ಚಕ್ರ, ಟರ್ಬೈನಿನ ಚಕ್ರ ಎರಡನ್ನೂ ಒಂದೇ ಡಬ್ಬಿಯಲ್ಲಿ ಎದುರುಬದುರು ಕೂರಿಸಿದರು. ನೀರು ಒಂದರಿಂದ ನೇರ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ವಾಪಸ್. 1905ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಆಗ ಅವರಿಗೆ 28 ವರ್ಷ.

ಬರೀ ಎರಡು ಚಕ್ರ ಇದ್ದರೆ ಅದು ಫ್ಲೂಯಿಡ್ ಕಪ್ಲಿಂಗ್, ಒಳಗೆ ಹೋದಷ್ಟೇ ಟಾರ್ಕ್ ಹೊರಗೆ ಬರತ್ತೆ. ಟಾರ್ಕ್ ಹೆಚ್ಚಾಗಬೇಕಾದರೆ ತಿರುಗದೆ ನಿಲ್ಲುವ ಮೂರನೇ ಚಕ್ರ ಬೇಕು. ಅದೇ ಸ್ಟೇಟರ್. ಟರ್ಬೈನಿನಿಂದ ವಾಪಸ್ ಬರುವ ದ್ರವವನ್ನು ಅದು ತಿರುಗಿಸಿ ಪಂಪಿಗೆ ಅನುಕೂಲವಾದ ದಿಕ್ಕಿನಲ್ಲಿ ಕಳಿಸತ್ತೆ. ದ್ರವ ಸ್ಟೇಟರಿನ ಮೇಲೆ ಹಾಕಿದ ಒತ್ತು ಎಷ್ಟೋ, ಅಷ್ಟು ಟಾರ್ಕ್ ಟರ್ಬೈನಿಗೆ ಹೆಚ್ಚುವರಿ. ನೆಲಕ್ಕೆ ಕಾಲು ಊರದೆ ಗಾಡಿ ತಳ್ಳೋಕಾಗಲ್ಲ, ಸ್ಟೇಟರ್ ಆ ಊರಿದ ಕಾಲು.

ಯಂತ್ರ ಕೆಲಸ ಮಾಡಿತು. 1913ರಲ್ಲಿ ವಲ್ಕನ್ ಕಟ್ಟಿದ 'ಕ್ಯೋನಿಗಿನ್ ಲೂಯಿಸೆ' ಎಂಬ ಪ್ರಯಾಣಿಕರ ಹಡಗಿಗೆ ಫೊಟ್ಟಿಂಗರ್ ಟ್ರಾನ್ಸ್‌ಫಾರ್ಮರ್ ಹಾಕಿದರು. ಮರುವರ್ಷ ಮಹಾಯುದ್ಧ ಬಂತು. ಆ ಹಡಗನ್ನು ಸಮುದ್ರದಲ್ಲಿ ಮೈನ್ ಇಡೋಕೆ ಕಳಿಸಿದರು. 1914ರ ಆಗಸ್ಟ್ 5ರಂದು, ಬ್ರಿಟನ್ ಯುದ್ಧ ಸಾರಿದ ಮರುದಿನವೇ, ಬ್ರಿಟಿಷರು ಅದನ್ನು ಮುಳುಗಿಸಿದರು.

ಅದಕ್ಕಿಂತ ದೊಡ್ಡ ಸೋಲು ಬೇರೆ ಕಡೆಯಿಂದ ಬರ್ತಿತ್ತು. ಅಷ್ಟರಲ್ಲಿ ದೊಡ್ಡ ಗೇರುಗಳನ್ನು ನಿಖರವಾಗಿ ಕಡಿಯೋದು ಸಾಧ್ಯವಾಗಿತ್ತು. ಒಳ್ಳೆಯ ಗೇರಿನಲ್ಲಿ ನಷ್ಟ ಶೇ. 2–3 ಅಷ್ಟೇ, ನೀರಿನ ಯಂತ್ರದ್ದು ಅದಕ್ಕಿಂತ ಬಹಳ ಹೆಚ್ಚು. ದಿನಗಟ್ಟಲೆ ಒಂದೇ ವೇಗದಲ್ಲಿ ಓಡುವ ಹಡಗಿನಲ್ಲಿ ಈ ವ್ಯತ್ಯಾಸ ಎಂದರೆ ರಾಶಿ ರಾಶಿ ಕಲ್ಲಿದ್ದಲು. ಯಾವ ಕೆಲಸಕ್ಕೆಂದು ಟ್ರಾನ್ಸ್‌ಫಾರ್ಮರ್ ಹುಟ್ಟಿತ್ತೋ ಆ ಕೆಲಸ ಗೇರಿನ ಪಾಲಾಯಿತು.

ಫೊಟ್ಟಿಂಗರ್ ಅದನ್ನೇ ಹಿಡಿದು ಕೂರಲಿಲ್ಲ. 1909ರಲ್ಲೇ ಡಾನ್ಜಿಗ್‌ನ ತಾಂತ್ರಿಕ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋಗಿದ್ದರು. 1924ರಲ್ಲಿ ಬರ್ಲಿನ್‌ಗೆ ಬಂದರು. ದ್ರವದ ಹರಿವು, ಸುಳಿ, ಪ್ರೊಪೆಲ್ಲರ್ ಸುತ್ತ ನೀರು ಗುಳ್ಳೆಯೇಳುವ ಕ್ಯಾವಿಟೇಷನ್, ಇವೇ ಅವರ ಪಾಠ, ಇವೇ ಅವರ ಸಂಶೋಧನೆ.

ಅವರ ಯಂತ್ರ ಮಾತ್ರ ಬೇರೆಯವರ ಕೈ ಹಿಡಿದು ರಸ್ತೆಗೆ ಇಳಿಯಿತು. ಇಂಗ್ಲೆಂಡಿನ ಹೆರಾಲ್ಡ್ ಸಿಂಕ್ಲೇರ್ ಫ್ಲೂಯಿಡ್ ಕಪ್ಲಿಂಗನ್ನು ವಾಹನಗಳಿಗೆ ತಂದರು, 1930ರ ಹೊತ್ತಿಗೆ ಡೈಮ್ಲರ್ ಕಾರುಗಳಲ್ಲಿ ಅದು ಬಂತು. ಜರ್ಮನಿಯ ಟ್ರೈಲಾಕ್ ತಂಡದವರು ಸ್ಟೇಟರಿಗೆ ಫ್ರೀವೀಲ್ ಕೊಟ್ಟರು: ಹೊರಡುವಾಗ ಅದು ಬಿಗಿಯಾಗಿ ನಿಲ್ಲತ್ತೆ, ವೇಗ ಬಂದ ಮೇಲೆ ತಾನೂ ತಿರುಗಿ ದಾರಿ ಬಿಡತ್ತೆ. 1939ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಾ-ಮ್ಯಾಟಿಕ್ ಬಂತು, ಫ್ಲೂಯಿಡ್ ಕಪ್ಲಿಂಗ್ ಜೊತೆಗೆ ತಾನಾಗಿ ಬದಲಾಗುವ ನಾಲ್ಕು ಗೇರು. ಹಡಗಿನಲ್ಲಿ ದೋಷ ಅನಿಸಿಕೊಂಡಿದ್ದ ಜಾರುವಿಕೆ, ಅಂದರೆ ಸ್ಲಿಪ್, ನಿಂತು ಹೊರಟು ನಿಲ್ಲುವ ಕಾರಿಗೆ ವರವಾಯಿತು. ಚಕ್ರ ನಿಂತರೂ ಎಂಜಿನ್ ನಿಲ್ಲದಿರೋದು ಅದರಿಂದಲೇ.

1945ರ ಏಪ್ರಿಲ್ 28ರಂದು, ಬರ್ಲಿನ್ ಶರಣಾಗುವುದಕ್ಕೆ ನಾಲ್ಕು ದಿನ ಮೊದಲು, ಶೆಲ್ಲಿನ ಚೂರು ಬಡಿದು ಫೊಟ್ಟಿಂಗರ್ ತೀರಿಕೊಂಡರು. 68 ವರ್ಷವಾಗಿತ್ತು. ಟಾರ್ಕ್ ಕನ್ವರ್ಟರ್ ಇರುವ ಬ್ಯೂಕ್ ಡೈನಾಫ್ಲೋ ಮಾರುಕಟ್ಟೆಗೆ ಬಂದದ್ದು 1948ರಲ್ಲಿ.

ನಾವು ಇವರ ಬೆನ್ನು ಹತ್ತಿದ್ದು ಮಡಿಕೇರಿಯ ಗೆಳೆಯನೊಬ್ಬನ ಮನೆಯ ಶೆಡ್ಡಿನಲ್ಲಿ. ಅವರ ಮನೆಯ ಹಳೇ ಆಟೋಮ್ಯಾಟಿಕ್ ಕಾರು ಏರಿನಲ್ಲಿ ಎರಡನೇ ಗೇರಿಗೆ ಬೀಳುವಾಗ ಬರೀ ಕೂಗ್ತಿತ್ತು, ಎಳೀತಿರಲಿಲ್ಲ. ಗ್ಯಾರೇಜಿನವರು ಹೇಳಿದ ಖರ್ಚು ಕಾರಿನ ಬೆಲೆಗಿಂತ ಹೆಚ್ಚು. ನಾವೇ ಬಿಚ್ಚೋಣ ಅಂತಾಯ್ತು. ನಾವ್ಯಾರೂ ಅದುವರೆಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿದವರಲ್ಲ.

ಮೊದಲ ಸಲ ಕೈ ಹಾಕುವವರಿಗೆ ಇಷ್ಟು ಹೇಳಬಹುದು. ವಾಲ್ವ್ ಬಾಡಿಯೊಳಗೆ ನೀರಿನ ಕಾಲುವೆಗಳ ಹಾಗೆ ಎಣ್ಣೆಯ ದಾರಿಗಳು, ಅಲ್ಲಲ್ಲಿ ಪುಟ್ಟ ಗುಂಡುಗಳು. ಬಿಚ್ಚುವ ಮುಂಚೆ, ಬಿಚ್ಚುವಾಗ, ಬಿಚ್ಚಿದ ಮೇಲೆ ಫೋಟೋ ತೆಗೀಬೇಕು. ಒರೆಸೋಕೆ ಹಳೇ ಬನಿಯನ್ ಬೇಡವೇ ಬೇಡ, ಒಂದು ನೂಲೆಳೆ ಸಾಕು ವಾಲ್ವ್ ಸಿಕ್ಕಿಕೊಳ್ಳೋಕೆ. ಹೊಸ ಕ್ಲಚ್ ಪ್ಲೇಟುಗಳನ್ನು ಹಾಕೋ ಮುಂಚೆ ಗೇರ್‌ಬಾಕ್ಸ್ ಎಣ್ಣೆಯಲ್ಲೇ ನೆನೆಸಿಡಬೇಕು. ಪ್ಲೇಟುಗಳನ್ನು ಕೂರಿಸಿದ ಮೇಲೆ ಅವುಗಳ ಸಂದನ್ನು ಫೀಲರ್ ಗೇಜಿನಿಂದ ಅಳೆದು, ಆ ಗೇರ್‌ಬಾಕ್ಸಿನ ಮ್ಯಾನುಯಲ್ ಹೇಳಿದ ಮಿತಿಯೊಳಗೆ ಇದೆಯಾ ನೋಡಬೇಕು. ಕಣ್ಣಂದಾಜು ನಡೆಯಲ್ಲ. ನಮ್ಮ ಡಬ್ಬಿಯಲ್ಲಿ ಎರಡನೇ ಗೇರಿನ ಪ್ಲೇಟುಗಳು ಸುಟ್ಟು ಕಪ್ಪಾಗಿದ್ದವು, ಅವನ್ನು ಒತ್ತುವ ಪಿಸ್ಟನ್ನಿನ ಸೀಲು ಗಟ್ಟಿಯಾಗಿ ಸೀಳಿತ್ತು. ಒತ್ತಡ ಸೋರಿದ್ದಕ್ಕೆ ಪ್ಲೇಟು ಜಾರಿದೆ, ಜಾರಿದ್ದಕ್ಕೆ ಸುಟ್ಟಿದೆ. ಬರೀ ಪ್ಲೇಟು ಬದಲಿಸಿದ್ದರೆ ಹೊಸವೂ ಸುಡ್ತಿದ್ದವು.

ಕನ್ವರ್ಟರನ್ನು ಮಾತ್ರ ನಾವು ತೆರೆಯಲಿಲ್ಲ. ಅದು ಬೆಸೆದ ಡಬ್ಬಿ. ಅದನ್ನು ಕೊಯ್ದು ಮತ್ತೆ ಬೆಸೆದು ಬ್ಯಾಲೆನ್ಸ್ ಮಾಡೋದು ಅದರದೇ ಯಂತ್ರ ಇರುವವರ ಕೆಲಸ, ಅಲ್ಲಿಗೇ ಕಳಿಸಿ ತರಿಸಿದೆವು. ವಾಪಸ್ ಕೂರಿಸುವಾಗ ಮೆಲ್ಲಗೆ ತಿರುಗಿಸ್ತಾ ತಳ್ಳಬೇಕು. ಟರ್ಬೈನಿನ ಶಾಫ್ಟ್, ಸ್ಟೇಟರಿನ ಆಧಾರ, ಎಣ್ಣೆ ಪಂಪು, ಈ ಮೂರಕ್ಕೂ ಅದು ಒಂದೊಂದಾಗಿ ಕಚ್ಚಿಕೊಂಡು ಒಳಗೆ ಇಳಿಯತ್ತೆ. ಪೂರ್ತಿ ಇಳಿಯದೆ ಬೋಲ್ಟ್ ಬಿಗಿದರೆ ಪಂಪು ಮುರಿಯತ್ತೆ. ಆ ಒಂದು ಕೆಲಸಕ್ಕೆ ನಮಗೆ ಇಡೀ ಮಧ್ಯಾಹ್ನ ಹಿಡಿಯಿತು. ಕೈಗೆ ಸಿಕ್ಕಿದ ಆ ಕಚ್ಚುಗಳಲ್ಲಿ ಎರಡು ಫೊಟ್ಟಿಂಗರ್ ಚಕ್ರಗಳವು: ತಿರುಗುವ ಟರ್ಬೈನ್, ಕಾಲೂರಿ ನಿಲ್ಲುವ ಸ್ಟೇಟರ್.

ಈಗ ಆ ಕಾರು ಏರು ಹತ್ತತ್ತೆ. ಅದರ ಕನ್ವರ್ಟರಿನಲ್ಲಿ ಲಾಕ್-ಅಪ್ ಕ್ಲಚ್ಚೂ ಇದೆ. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದು ಎರಡೂ ಕಡೆಯನ್ನು ಲೋಹದಿಂದಲೇ ಕಟ್ಟಿಬಿಡತ್ತೆ, ಜಾರುವಿಕೆ ಸೊನ್ನೆ. ಹಡಗಿನಲ್ಲಿ ಗೇರು ಗೆದ್ದ ಕಾರಣವೇ ಇಲ್ಲೂ ಇದೆ: ಒಂದೇ ವೇಗಕ್ಕೆ ಲೋಹ ಮೇಲು, ನಿಂತು ಹೊರಡೋಕೆ ದ್ರವ ಮೇಲು. ಪ್ರಾಜೆಕ್ಟ್ ರಿವ್ಯೂನಲ್ಲಿ ನಿಮ್ಮ ಯೋಚನೆಗೆ ದಕ್ಷತೆ ಸಾಲದು ಅಂತ ಯಾರಾದರೂ ಬದಿಗಿಟ್ಟರೆ, ಅದನ್ನು ಎಸೀಬೇಡಿ. ಸರಿಯಾಗಿ ಅಳೆದು, ಎಲ್ಲಿ ಜಾರತ್ತೆ ಅಂತ ಬರೆದಿಡಿ. ಆ ಜಾರುವಿಕೆಯೇ ಬೇಕಾಗಿರುವ ಕೆಲಸ ಬೇರೆಲ್ಲೋ ಇರಬಹುದು.